ಕೊಪ್ಪದ ರಾಜಕೀಯ ತಜ್ಞ

ನನ್ನ ಹೆಂಡತಿ ಕುಸುಮ ಪಂಚಾಯಿತಿ ಚುನಾವಣೆಗೆ ನಿಂತಾಗ ಅವಳಿಗೆ ಬೇಕಾಗಿದ್ದದ್ದು ಒಂದೇ, ಡೈರಿಗೆ ಹೋಗುವ ದಾರಿಗೆ ಬೀದಿದೀಪ. ನಸುಕಿನ ಕತ್ತಲಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುವಾಗ ಚರಂಡಿಗೆ ಬಿದ್ದು ಕೈ ಮುರಿದುಕೊಂಡವಳು ಅವಳು. ಗೆದ್ದರೆ ಮೊದಲು ಕಂಬ ನೆಡಿಸುತ್ತೇನೆ ಎಂದು ಹಟ ಹಿಡಿದಿದ್ದಳು. ಬೀದಿದೀಪದಂಥ ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವ ಆಸಾಮಿ ನಾನಲ್ಲ. ದಿನಾ ಸಂಜೆ ಟೀವಿ ಮುಂದೆ ಕೂತು ಚರ್ಚೆಗಳನ್ನು ಅರೆದು ಕುಡಿದವನು. ದೆಹಲಿಯಲ್ಲಿ ಯಾರು ಯಾರ ಕಾಲೆಳೆಯುತ್ತಾರೆ ಎಂದು ಕೊಪ್ಪದಲ್ಲಿ ಕೂತೇ ಹೇಳಬಲ್ಲೆ. ಕಬ್ಬಿಗೆ ನೀರು ಕಟ್ಟುವುದನ್ನು ಮರೆತರೂ ಅಲೆ, ಸಮೀಕರಣ, ಒಳಏಟು ಎಂಬ ಪದಗಳನ್ನು ಮರೆತವನಲ್ಲ.

ಹೀಗಿರುವಾಗ, ಮೊಬೈಲ್ ಚಾನೆಲ್ ನಡೆಸುವ ಮದ್ದೂರಿನ ಮಹದೇವು ಟೀ ಅಂಗಡಿಯಲ್ಲಿ ಸಿಕ್ಕಿ, "ಪುಟ್ಟರಾಜಣ್ಣ, ನಿಮ್ ವಾರ್ಡಲ್ಲಿ ಯಾರ್ ಗೆಲ್ತರೆ?" ಎಂದ. ಹೆಂಡತಿ ಗೆಲ್ಲುತ್ತಾಳೆ ಎನ್ನಲು ನಾಚಿಕೆಯಾಯಿತು. ಟೀವಿಯಲ್ಲಿ ಯಾವ ತಜ್ಞ ತಾನೇ ಮನೆಯವರನ್ನು ಹೊಗಳುತ್ತಾನೆ? ಗತ್ತಿನಿಂದ ಕೆಮ್ಮಿ, "ನಿಷ್ಪಕ್ಷಪಾತವಾಗಿ ಏಳ್ಬೇಕು ಅಂದ್ರೆ, ಅರುಂಧತಿ ಪರ ಅಲೆ ಐತೆ ಕಣ್ಲಾ" ಅಂದೆ. ಎದುರಾಳಿ ಅರುಂಧತಿಯ ಪರ ಅಲೆಯಿರಲಿ, ಗಾಳಿಯೂ ಇರಲಿಲ್ಲ.

ಮತದಾನದ ಹಿಂದಿನ ದಿನ ಫೋನಿನಲ್ಲಿ ಸುದ್ದಿ ಬಂತು: "ಕೊಪ್ಪದಲ್ಲಿ ಅರುಂಧತಿ ಪರ ಭಾರೀ ಅಲೆ, ರಾಜಕೀಯ ತಜ್ಞರ ಲೆಕ್ಕಾಚಾರ." ಕೆಂಪು ಅಕ್ಷರ, ಹಿಂದೆ ಎದೆ ನಡುಗಿಸುವ ಸಂಗೀತ. ತಜ್ಞರೇ ಹೇಳಿದ ಮೇಲೆ ಇನ್ನೇನು ಉಳಿಯಿತು ಎಂದು ಕುಸಿದು ಕೂತೆ. ಆ ತಜ್ಞ ಯಾರು ಎಂದು ಯೋಚಿಸುವಷ್ಟು ಬುದ್ಧಿ ಇದ್ದಿದ್ದರೆ ನಾನ್ಯಾಕೆ ದಿನಾ ಟೀವಿ ಮುಂದೆ ಕೂರುತ್ತಿದ್ದೆ?

ಮಳವಳ್ಳಿಯಲ್ಲಿ ನೆಲೆಸಿರುವ ನನ್ನ ಅಣ್ಣನ ಮನೆಯವರ ಓಟು ಇನ್ನೂ ಊರಲ್ಲೇ ಇದೆ. ಪ್ರತಿ ಚುನಾವಣೆಗೂ ಕಾರು ಮಾಡಿ ಅವರನ್ನು ಕರೆತರುವವನು ನಾನೇ. ಈ ಸಲ ಫೋನ್ ಮಾಡಿ, "ಬರ್ಬ್ಯಾಡ ಬುಡಣ್ಣ, ಸೋಲೋದು ಗ್ಯಾರಂಟಿ. ನ್ಯೂಸಲ್ಲೇ ಬಂದೈತೆ" ಅಂದೆ.

"ನ್ಯೂಸಲ್ಲೇ ಬಂದ್ಮೇಲೆ ಮುಗೀತು ಬುಡ್ಲಾ" ಅಂದ ಅಣ್ಣ. ನಮ್ಮ ವಂಶವೇ ಹಾಗೆ. ಕುಸುಮಳಿಗೆ ಮಾತ್ರ, ಅವರಿಗೆಲ್ಲ ಜ್ವರವಂತೆ ಎಂದು ಬುರುಡೆ ಬಿಟ್ಟೆ.

ಕುಸುಮ ಮೂರು ಓಟಿನಲ್ಲಿ ಸೋತಳು. ಅಣ್ಣನ ಮನೆಯಲ್ಲಿರುವುದು ಐದು ಓಟು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರು ನನ್ನಂಥವನನ್ನು ನೋಡಿಯೇ ಕಟ್ಟಿರಬೇಕು. ಮದ್ದೂರಿನಲ್ಲಿ ಎಣಿಕೆ ಮುಗಿದು ನಾವಿಬ್ಬರೂ ರಸ್ತೆಯಲ್ಲಿ ನಿಂತಿದ್ದಾಗಲೇ ಅಣ್ಣ ಅವಳಿಗೆ ಫೋನ್ ಮಾಡಿ ಸಮಾಧಾನ ಹೇಳಿದ. ಹೇಳುತ್ತಾ ಹೇಳುತ್ತಾ ನಾನೇ ಬರಬೇಡ ಎಂದದ್ದನ್ನೂ ಹೇಳಿಬಿಟ್ಟ. ಅವಳು ಫೋನಿಟ್ಟು ನನ್ನನ್ನೇ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಮಹದೇವು ಫೋನಿನ ಕ್ಯಾಮೆರಾವನ್ನು ನನ್ನತ್ತ ಹಿಡಿದು ಓಡಿ ಬಂದ. "ನಮ್ಮ ಸಮೀಕ್ಷೆ ನಿಜವಾಗಿದೆ ವೀಕ್ಷಕರೇ! ಅಲೆ ಇದೆ ಅಂತ ಮೊದಲೇ ಹೇಳಿದ್ದ ತಜ್ಞರು ಇವರೇ. ಅಣ್ಣಾ, ಈ ಸೋಲಿಗೆ ಏನ್ ಕಾರಣ?"

ಕುಸುಮ ಅವನ ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಅವ್ರನ್ ಯಾಕಪ್ಪಾ ಕೇಳ್ತೀಯ? ಸೋತಿರೋಳು ನಾನು. ಒಂದ್ ಮನೆ ಬುಡ್ದಂಗೆ ಓಗಿ, ಕೈಮುಗ್ದು ಓಟ್ ಕೇಳ್ದೆ ಕಣಪ್ಪ. ನಮ್ಮನೇಲಿ ಮಾತ್ರ ಕೇಳ್ಲಿಲ್ಲ. ಅಲ್ಲಿ ನನ್ ಗಂಡ ಅವ್ನೆ, ನೋಡ್ಕತಾನೆ ಅಂತ ಸುಮ್ನಾಗ್ಬುಟ್ಟೆ."