ಅಪ್ಪ ಜಾಮೀನು ಹಿಂತೆಗೆದುಕೊಂಡ ದಿನ

ನನ್ನ ತಮ್ಮ ಮುರಳಿ ಯಾರನ್ನೂ ಕೊಂದಿಲ್ಲ. ಹಾಗೆಂದು ಯಾರಾದರೂ ಎದುರಿಗೆ ಹೇಳಿದರೆ ಅವನಿಗೆ ಅವಮಾನವಾಗುತ್ತದೆ.

ಮರಳು ಸಾಗಿಸುವ ವಿಶ್ವಾರಾಧ್ಯನನ್ನು ಶಿವಮೊಗ್ಗದ ಹೊರಗೆ ಕಡಿದು ಹಾಕಿದ ಸಂಜೆ ಮುರಳಿ ಭದ್ರಾವತಿ ಹಳೇನಗರದ ನಮ್ಮ ಮನೆಯಲ್ಲಿ ಡೆಂಗಿ ಜ್ವರದಲ್ಲಿ ನರಳುತ್ತ ಮಲಗಿದ್ದ. ಗೋಡೆಯ ಮೊಳೆಗೆ ಬಾಟಲಿ ತೂಗುಹಾಕಿ ಡ್ರಿಪ್ ಕೊಟ್ಟವಳು ನಾನೇ. ಸೂಜಿ ಚುಚ್ಚುವಾಗ ಅವನು ಕಣ್ಣು ಮುಚ್ಚಿ ಮುಖ ಗೋಡೆಯ ಕಡೆ ತಿರುಗಿಸಿದ್ದ. ಜ್ವರ ಬಿಟ್ಟು ಎದ್ದು ಓಡಾಡುವಷ್ಟು ಶಕ್ತಿ ಬಂದ ಕೂಡಲೇ ಠಾಣೆಗೆ ಹೋಗಿ, ವಿಶ್ವನನ್ನು ಹೊಡೆದದ್ದು ನಾನೇ ಎಂದು ಶರಣಾದ.

ವಿಶ್ವನನ್ನು ಹೊಡೆಸಿದ ಧರ್ಮೇಂದ್ರನ ಮರಳು ದಂಧೆಯಲ್ಲಿ ಇದೇ ಪದ್ಧತಿ. ಕಡಿಯುವವರೇ ಬೇರೆ, ಶರಣಾಗುವವರೇ ಬೇರೆ. ಕಡಿಯುವವರು ಪಳಗಿದವರು. ಅವರು ಒಳಗೆ ಹೋದರೆ ಮುಂದಿನ ಕೆಲಸಕ್ಕೆ ಜನ ಎಲ್ಲಿಂದ ತರುವುದು? ಶರಣಾಗುವುದಕ್ಕಾದರೆ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ನ್ಯೂ ಟೌನಿನ ಟೀ ಅಂಗಡಿಗಳ ಮುಂದೆ ಬೈಕಿನ ಮೇಲೆ ಕುಳಿತ ನನ್ನ ತಮ್ಮನಂಥವರು ಬೇಕಾದಷ್ಟು ಸಿಗುತ್ತಾರೆ. "ನಾಲ್ಕೈದು ತಿಂಗಳು ಒಳಗಿದ್ದು ಬಾ. ನಿನ್ನ ಹೆಸರು ಕೇಳಿದ್ರೆ ಭದ್ರಾವತಿ ಎದ್ದು ನಿಲ್ಬೇಕು, ಹಾಗೆ ಮಾಡ್ತೀನಿ" ಎಂದನಂತೆ ಧರ್ಮೇಂದ್ರ. ಇಪ್ಪತ್ನಾಲ್ಕು ವರ್ಷದ ಗಂಡಸು ಇಷ್ಟಕ್ಕೆ ಮರುಳಾಗುತ್ತಾನೆ ಎಂದರೆ ನಾನು ಯಾರನ್ನು ಬೈಯಲಿ?

ನಾನು ಠಾಣೆಗೆ ಹೋಗಿ ಡ್ರಿಪ್ಪಿನ ವಿಷಯ ಹೇಳಿದೆ. "ಅವನೇ ಒಪ್ಕೊಂಡಿದಾನಲ್ಲಮ್ಮ" ಎಂದು ಅಲ್ಲಿದ್ದವರು ಮೊಬೈಲು ತೋರಿಸಿದರು. ಮುಚ್ಚಿದ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಮುರಳಿ ಲಾಂಗು ಹಿಡಿದು ನಿಧಾನವಾಗಿ ನಡೆದು ಬರುವ ರೀಲ್ ಅದು. ಅದನ್ನು ಲಕ್ಷಾಂತರ ಜನ ನೋಡಿದ್ದರು.

ನಾನು ಶಿವಮೊಗ್ಗದ ಒಂದು ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ಟಾಫ್ ನರ್ಸ್. ಲಾಂಗಿನ ಏಟು ತಿಂದು ಬಂದವರನ್ನು ನೋಡಿದ್ದೇನೆ. ಕೈ ಅಡ್ಡ ಹಿಡಿದಿರುತ್ತಾರೆ, ಹಾಗಾಗಿ ಮೊದಲು ಬೆರಳುಗಳು ಹೋಗಿರುತ್ತವೆ. ಪ್ಯಾಂಟು ಒದ್ದೆಯಾಗಿರುತ್ತದೆ. ಎಷ್ಟೇ ದೊಡ್ಡ ಹೆಸರಿದ್ದರೂ "ಸಿಸ್ಟರ್, ನಾನು ಸಾಯ್ತೀನಾ?" ಎಂದು ಕೇಳುತ್ತಾರೆ. ಪ್ರಾಣ ಕೊಡುತ್ತೇವೆ ಎಂದಿದ್ದ ಗೆಳೆಯರು ಗೇಟಿನ ಹತ್ತಿರ ಇಳಿಸಿ ಮಾಯವಾಗಿರುತ್ತಾರೆ, ಯಾಕೆಂದರೆ ಒಳಗೆ ಬಂದರೆ ಪೊಲೀಸರು ಹೆಸರು ಕೇಳುತ್ತಾರೆ. ಇದನ್ನು ಯಾರೂ ರೀಲ್ ಮಾಡುವುದಿಲ್ಲ.

ಸೋಗಾನೆಯ ಜೈಲಿಗೆ ಮೊದಲ ಸಲ ನೋಡಲು ಹೋದಾಗ ಮುರಳಿ ಜಾಲರಿಯ ಆಚೆಯಿಂದ ಕೇಳಿದ್ದು ಕಜ್ಜಿಯ ಮುಲಾಮು. ಬೆರಳ ಸಂದಿಯೆಲ್ಲ ಕೆರೆದು ಕೆಂಪಾಗಿತ್ತು. ಹಳೆಯ ಕೈದಿಗಳ ತಟ್ಟೆ ಲೋಟ ತೊಳೆಯುವುದು ಅವನ ಕೆಲಸವಂತೆ. ತಲೆಯ ಮೇಲೆ ವಿಮಾನ ಇಳಿಯುವ ಸದ್ದಿಗೆ ಮಾತು ನಿಲ್ಲಿಸಿ, ಅದು ಹೋದ ಮೇಲೆ, "ಹುಡುಗ್ರಿಗೆ ಹೇಳ್ಬೇಡ ಅಕ್ಕ" ಎಂದ. ನಗಬೇಕೋ ಅಳಬೇಕೋ ತಿಳಿಯದೆ ಬಸ್ಸು ಹತ್ತಿದೆ.

ಕೊನೆಗೂ ಜಾಮೀನು ಮಂಜೂರಾಯಿತು. ಇಬ್ಬರು ಜಾಮೀನುದಾರರು ಬೇಕಿತ್ತು. ಒಬ್ಬನನ್ನು ಧರ್ಮೇಂದ್ರ ಕಳಿಸಿದ. ಇನ್ನೊಬ್ಬರು ನಮ್ಮಪ್ಪ ಪುಟ್ಟಯ್ಯ. ಕಾಗದದ ಕಾರ್ಖಾನೆ ನಿಂತ ಮೇಲೆ ಕಲ್ಯಾಣಮಂಟಪವೊಂದರಲ್ಲಿ ವಾಚ್‌ಮನ್ ಆಗಿರುವ ಅಪ್ಪ, ಇರುವ ಒಂದೇ ಮನೆಯ ಪತ್ರ ಒಯ್ದು ಸಹಿ ಹಾಕಿಬಂದರು.

ಬಿಡುಗಡೆಯ ಸಂಭ್ರಮ ನೋಡಬೇಕಿತ್ತು. ಜೈಲಿನಿಂದ ಸ್ವಲ್ಪ ದೂರದ ತಿರುವಿನಲ್ಲಿ ಬಿಳಿ ಕಾರುಗಳ ಸಾಲು, ಜೆಸಿಬಿಯಿಂದ ಹೂವಿನ ಮಳೆ, ನಾಲ್ಕು ಜನ ಎತ್ತಿದ ಸೇಬಿನ ಹಾರ. ಕಾರಿನ ಮೇಲ್ಛಾವಣಿಯಿಂದ ಅರ್ಧ ಮೈ ಹೊರಹಾಕಿದ್ದ ಮುರಳಿ ಭದ್ರಾವತಿಯವರೆಗೂ ಕೈ ಬೀಸುತ್ತ ಬಂದ. ಅಮ್ಮ ಬಾಗಿಲಲ್ಲಿ ಆರತಿ ಎತ್ತಿದಳು. ಧರ್ಮೇಂದ್ರ ನಮ್ಮ ನಡುಮನೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕುಳಿತ, ಕಾಫಿಯನ್ನು ಮೊದಲು ತನ್ನ ಡ್ರೈವರಿಗೆ ಕುಡಿಸಿದ, ಹೊರಗೆ ಬೈಕು ಸದ್ದು ಮಾಡಿದಾಗಲೆಲ್ಲ ಎದ್ದು ಕಿಟಕಿ ನೋಡಿದ. ಇಷ್ಟು ಹೆದರಿದ ಗಂಡಸನ್ನು ನಾನು ಆಸ್ಪತ್ರೆಯ ಹೊರಗೆ ನೋಡಿರಲಿಲ್ಲ. ಮುರಳಿಗೆ ಮಾತ್ರ ಅದೇ ಗತ್ತಿನ ಹಾಗೆ ಕಂಡಿತು.

ಮರುದಿನ ತುಂಬು ಬಸುರಿಯೊಬ್ಬಳು ತುರ್ತು ವಿಭಾಗದ ಬಾಗಿಲಿಗೆ ಬಂದು ನನ್ನ ಹೆಸರು ಕೇಳಿದಳು. ಹೆರಿಗೆ ವಾರ್ಡು ಆ ಕಡೆ ಎಂದೆ.

"ಗೊತ್ತು. ನಾನು ವಿದ್ಯಾಶ್ರೀ. ವಿಶ್ವನ ಹೆಂಡ್ತಿ."

ಶಾಪ ಹಾಕಲು ಬಂದಿದ್ದಾಳೆ ಎಂದುಕೊಂಡು ಅವಳನ್ನು ಔಷಧಿ ಕೋಣೆಗೆ ಕರೆದುಕೊಂಡು ಹೋದೆ. "ನನ್ನ ತಮ್ಮ ಮಾಡಿಲ್ಲಮ್ಮ" ಎಂದು ಮೊದಲು ನಾನೇ ಹೇಳಿದೆ.

"ನಮ್ಮನೇಲಿ ಎಲ್ರಿಗೂ ಗೊತ್ತು ಅಕ್ಕ. ಅವತ್ತು ಅಲ್ಲಿದ್ದೋರು ಯಾರ್ಯಾರು ಅಂತಾನೂ ಗೊತ್ತು. ಈಗ ಧರ್ಮೇಂದ್ರ ನಮ್ಮ ಭಾವನ ಹತ್ರ ರಾಜಿಗೆ ಬಂದಿದಾನೆ. ಮರಳಿನ ಏರಿಯಾ ಇಬ್ರೂ ಹಂಚ್ಕೋತಾರಂತೆ. ಆದ್ರೆ ತಮ್ಮನ ಹೆಣ ಬಿದ್ದ ಮೇಲೆ ಸುಮ್ನೆ ರಾಜಿಯಾದ್ರೆ ಭಾವಂಗೆ ಮರ್ಯಾದೆ ಎಲ್ಲಿರುತ್ತೆ? ಅದಕ್ಕೆ ಒಬ್ಬನ್ನ ಕೊಡ್ತೀನಿ ಅಂದಿದಾನೆ. ನಾನೇ ಹೊಡೆದಿದ್ದು ಅಂತ ಊರಿಗೆಲ್ಲ ಸಾರಿದವನು ಒಬ್ಬ ಇದಾನಲ್ಲ. ಅವನನ್ನ ಹೊಡೆದ್ರೆ ಊರೂ ನಂಬುತ್ತೆ, ನಿಜವಾಗಿ ಹೊಡೆದೋರೂ ಉಳ್ಕೋತಾರೆ. ಜಾಮೀನು ಕೊಡ್ಸಿದ್ದೇ ಅದಕ್ಕೆ."

"ಯಾವತ್ತು?"

"ಗೊತ್ತಿಲ್ಲ. ಪಾರ್ಟಿ ಅಂತ ಧರ್ಮೇಂದ್ರನೇ ಕರ್ಕೊಂಡು ಬಂದು ಬಿಡ್ತಾನಂತೆ."

"ನೀನ್ಯಾಕೆ ಬಂದು ಹೇಳ್ತಿದೀಯ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಇದು ಗಂಡಾದ್ರೆ ಮುಂದೆ ಇದರ ಕೈಗೂ ಲಾಂಗು ಕೊಡ್ತಾರೆ. ನಂಗೆ ಸಾಕಾಗಿದೆ. ನನ್ನ ಹೆಸರು ಎಲ್ಲೂ ಹೇಳ್ಬೇಡಿ, ನನ್ನ ಕತೆ ಮುಗಿಯುತ್ತೆ."

ಹೆಸರು ಹೇಳದೆ ಠಾಣೆಗೆ ಏನೆಂದು ದೂರು ಕೊಡುವುದು? ಡ್ಯೂಟಿ ಮುಗಿಸಿ ನೇರ ಮನೆಗೆ ಹೋದೆ. ಮುರಳಿ ಮಂಚದ ಮೇಲೆ ಮಲಗಿ ಮೊಬೈಲಿನಲ್ಲಿ ತನ್ನದೇ ಮೆರವಣಿಗೆ ನೋಡುತ್ತಿದ್ದ. ಬಾಗಿಲು ಹಾಕಿ ಎಲ್ಲ ಹೇಳಿದೆ, ವಿದ್ಯಾಶ್ರೀಯ ಹೆಸರೊಂದನ್ನು ಬಿಟ್ಟು. ಅವನು ನಕ್ಕ.

"ನಿಂಗೆ ಈ ಫೀಲ್ಡು ಅರ್ಥ ಆಗಲ್ಲ ಮಾರಾಯ್ತಿ. ಧರ್ಮಣ್ಣ ಎಲ್ಲರೆದುರು ನನ್ನನ್ನ ಸ್ವಂತ ತಮ್ಮ ಅಂದಿದಾನೆ."

"ತಮ್ಮ ಅಂದವನು ಜೈಲಿಗೆ ಒಂದ್ಸಲನಾದ್ರೂ ಬಂದಿದ್ನೇನೋ? ಕಜ್ಜಿಗೆ ಮುಲಾಮು ತಂದಿದ್ದು ಯಾರೋ?"

ಅವನ ಮುಖ ಕಪ್ಪಿಟ್ಟಿತು. "ಬಂದ್ರೆ ಅವನ ಮೇಲೂ ಕೇಸು ಬೀಳುತ್ತೆ. ಅದಕ್ಕೇ ಬರ್ಲಿಲ್ಲ." ಆ ಮಾತು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಆಗ ನನ್ನ ಸಿಟ್ಟು ಇಳಿಯಿತು. ಅವನಿಗೂ ಒಳಗೊಳಗೇ ಗೊತ್ತಿತ್ತು. ಆದರೆ ನಂಬಿಬಿಟ್ಟರೆ ತೊಳೆದ ತಟ್ಟೆಗಳೂ ಕೆರೆದ ಕಜ್ಜಿಯೂ ಸುಮ್ಮನೆ ವ್ಯರ್ಥವಾದ ಹಾಗೆ. ಅಷ್ಟು ಕಷ್ಟಪಟ್ಟವನು ಅದನ್ನು ಹೇಗೆ ನಂಬಿಯಾನು?

"ಮನೆಗೆ ಬಂದು ಒಂದು ದಿನ ಆಗಿಲ್ಲ, ಬಿಡೇ ಅವನನ್ನ" ಎಂದು ಅಮ್ಮ ನನ್ನನ್ನೇ ಗದರಿದಳು. ನಾನು ಜಗಲಿಗೆ ಬಂದಾಗ ಅಪ್ಪ ಹಿಂದೆಯೇ ಬಂದು ಮೆಲ್ಲಗೆ ಕೇಳಿದರು.

"ಸಮತಾ, ನಾನು ಜಾಮೀನು ವಾಪಸ್ ತಗೊಂಡ್ರೆ ಏನಾಗುತ್ತೆ?"

"ಬೇರೆ ಯಾರೂ ಸಿಗ್ದಿದ್ರೆ ಮತ್ತೆ ಒಳಗೆ ಹಾಕ್ತಾರೆ."

"ಒಳಗೆ ಉಳೀತಾನಾ?"

"ಹೊರಗಿಗಿಂತ ವಾಸಿ ಅಪ್ಪ."

ಸೋಮವಾರ ಕೇಸಿನ ತಾರೀಖು. ಅಲ್ಲಿಯವರೆಗೆ ಅಪ್ಪ ಕೆಲಸಕ್ಕೆ ಹೋಗದೆ, ಮುರಳಿ ಹೊರಗೆ ಹೊರಟಾಗಲೆಲ್ಲ ಎದೆನೋವು ಎಂದು ಮಲಗಿ ಅವನನ್ನು ತಡೆದರು. ಜೀವನದಲ್ಲಿ ಒಂದು ಸುಳ್ಳೂ ಹೇಳದವರು ಚೆನ್ನಾಗಿಯೇ ನಟಿಸಿದರು. ಸೋಮವಾರ ಎಲ್ಲರಿಗಿಂತ ಮೊದಲು ಶಿವಮೊಗ್ಗದ ಕೋರ್ಟಿಗೆ ಹೋಗಿ, ನಾನು ಗೊತ್ತುಮಾಡಿದ್ದ ವಕೀಲರಿಂದ ಅರ್ಜಿ ಬರೆಸಿದರು. ನಾನೂ ಜೊತೆಗಿದ್ದೆ.

ಮುರಳಿಯ ಹೆಸರು ಕೂಗಿದಾಗ ಅಪ್ಪ ಮುಂದೆ ಹೋದರು. ನ್ಯಾಯಾಧೀಶರು ಅರ್ಜಿ ಓದಿ, "ನೀವು ಇವನ ತಂದೆಯಲ್ಲವೇ? ಯಾಕೆ ಹಿಂತೆಗೆದುಕೊಳ್ಳುತ್ತೀರಿ?" ಎಂದರು.

"ಸ್ವಾಮಿ, ಇವನು ಯಾರನ್ನೂ ಹೊಡೆದವನಲ್ಲ. ಆದ್ರೂ ಒಳಗೇ ಇಟ್ಕೊಳ್ಳಿ. ಹೊರಗಿದ್ರೆ ನನ್ನ ಮಗ ಉಳಿಯಲ್ಲ" ಎಂದು ಅಪ್ಪ ಕೈಮುಗಿದರು. ಮಗನನ್ನು ಜೈಲಿಗೆ ಕಳಿಸಿ ಎಂದು ಬೇಡುವಾಗ ಅವರ ಧ್ವನಿ ನಡುಗಲಿಲ್ಲ. ಹಿಂದೆ ನಿಂತಿದ್ದ ನಾನು ಅಳುತ್ತಿದ್ದೆ. ಜೀವಕ್ಕೆ ಅಪಾಯವಿದೆಯೇ ಎಂದು ನ್ಯಾಯಾಧೀಶರು ಮುರಳಿಯನ್ನೇ ಕೇಳಿದರು. ಧರ್ಮೇಂದ್ರನ ಹುಡುಗರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನನಗೆ ಯಾರ ಭಯಾನೂ ಇಲ್ಲ ಸರ್" ಎಂದ ಮಹಾರಾಯ.

ಮಧ್ಯಾಹ್ನದೊಳಗೆ ಬೇರೆ ಜಾಮೀನುದಾರರನ್ನು ಒದಗಿಸದಿದ್ದರೆ ವಶಕ್ಕೆ ತೆಗೆದುಕೊಳ್ಳಿ ಎಂದು ಆದೇಶವಾಯಿತು. ಮಧ್ಯಾಹ್ನದವರೆಗೆ ಕಾಯಬೇಕಾಗಲೇ ಇಲ್ಲ. ಧರ್ಮೇಂದ್ರ ಒಂದು ಫೋನು ಮಾಡಿದ. ನಾವು ಕ್ಯಾಂಟೀನಿನಲ್ಲಿ ಕುಳಿತಿದ್ದಾಗಲೇ ಉಜ್ಜನಪ್ಪ ಎಂಬ ಮುದುಕರೊಬ್ಬರು ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದರು. ಕೋರ್ಟಿನ ಸುತ್ತಮುತ್ತ ಕರೆದವರಿಗೆಲ್ಲ ಜಾಮೀನು ನಿಲ್ಲುವುದೇ ಅವರ ಕಸುಬು. ಮೆಟ್ಟಿಲ ಹತ್ತಿರ ನಿಂತು "ಹುಡುಗ ಯಾರಪ್ಪಾ?" ಎಂದು ಕೇಳಿ ತಿಳಿದುಕೊಂಡು ಒಳಗೆ ಹೋಗಿ ಸಹಿ ಹಾಕಿದರು.

ಹೊರಗೆ ಬಂದ ಮುರಳಿ ಅಪ್ಪನ ಮುಂದೆ ನಿಂತ. ಅಷ್ಟು ಕೆಂಪಾದ ಕಣ್ಣು ನಾನು ಯಾವತ್ತೂ ನೋಡಿರಲಿಲ್ಲ.

"ಎಲ್ಲರೆದುರು ನನ್ನ ಮಾನ ಕಳೆದ್ಬಿಟ್ಟೆ. ಇನ್ಮೇಲೆ ಆ ಮನೆಗೆ ಬರಲ್ಲ. ನಂಗೆ ಅಪ್ಪ ಇಲ್ಲ."

ಧರ್ಮೇಂದ್ರ ಅವನ ಹೆಗಲ ಮೇಲೆ ಕೈಹಾಕಿದ. "ಯಜಮಾನ್ರೇ, ನೀವು ಸುಮ್ನೆ ಹೆದರಿದ್ರಿ. ಇನ್ಮೇಲೆ ಅವನನ್ನ ನಾವೇ ನೋಡ್ಕೋತೀವಿ" ಎಂದು ಅಪ್ಪನಿಗೆ ನಮಸ್ಕಾರವನ್ನೂ ಮಾಡಿದ. ನಾನು ಓಡಿಹೋಗಿ ಮುರಳಿಯ ತೋಳು ಹಿಡಿದೆ, ಅಂಗಿ ಹರಿಯುವಷ್ಟು ಜೋರಾಗಿ ಎಳೆದೆ. ಅವನು ಕೊಡವಿಕೊಂಡು ಕಾರು ಹತ್ತಿದ. ನಾವು ಸುಮ್ಮನಿದ್ದಿದ್ದರೆ ಅವನು ಇನ್ನೂ ಕೆಲವು ದಿನ ಮನೆಯಲ್ಲಿ ಅಮ್ಮನ ಪಕ್ಕ ಮಲಗುತ್ತಿದ್ದನೇನೋ. ಈಗ ಅದೂ ಇಲ್ಲವಾಯಿತು.

ಅಪ್ಪ ಮನೆಯ ಪತ್ರವನ್ನು ಎದೆಗೆ ಒತ್ತಿಕೊಂಡು ಕೋರ್ಟಿನ ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತರು. ನೀರಿನ ಬಾಟಲಿ ತಂದುಕೊಟ್ಟೆ. ಕುಡಿಯಲಿಲ್ಲ.

"ಇವತ್ತು ನಿಂಗೆ ಡ್ಯೂಟಿ ಇದೆಯೇನಮ್ಮ?" ಎಂದರು.

"ಇದೆ ಅಪ್ಪ. ರಜೆ ಹಾಕಿ ನಿಮ್ಮ ಜೊತೆ ಮನೆಗೆ ಬರ್ತೀನಿ."

"ರಜೆ ಹಾಕ್ಬೇಡ" ಎಂದರು ಅಪ್ಪ. "ತಂದ್ರೆ ನಿಮ್ಮ ಆಸ್ಪತ್ರೆಗೇ ತರೋದು. ಅವನು ಕಣ್ಣು ಬಿಟ್ಟಾಗ ನಮ್ಮೋರು ಅಂತ ಒಬ್ರು ಅಲ್ಲಿರ್ಲಿ."

ನಾನು ಡ್ಯೂಟಿಗೆ ಹೋದೆ. ಅಂದಿನಿಂದ ಒಂದು ದಿನವೂ ರಜೆ ಹಾಕಿಲ್ಲ.