ಸಾಕೆಟ್ಟಿನಲ್ಲಿ ಸೊಟ್ಟಗಾದ ಪಿನ್ನುಗಳು

2023ರ ಅಕ್ಟೋಬರ್ 15, ಭಾನುವಾರ, ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಗುಬ್ಬಿ ಹೊಸ ಕಂಪ್ಯೂಟರಿನ ಗುಂಡಿ ಒತ್ತಿದಳು. ಫ್ಯಾನುಗಳು ಭರ್ರೆಂದು ತಿರುಗಿದವು. ಮಾನಿಟರ್ ಮಾತ್ರ ಮೊಂಡು ಹಿಡಿದ ಮಗುವಿನಂತೆ ಕಪ್ಪಗೆ ಕೂತಿತ್ತು.

ಮೇಜಿನ ಆಚೆ ಬದಿಯಲ್ಲಿ ಅವಳ ತಾಯಿ ಡಾಕ್ಟರಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ಅವರು ದಂತವೈದ್ಯೆ. ಕ್ಲಿನಿಕ್ಕಿನ ಹಳೆಯ ಕಂಪ್ಯೂಟರ್ ಕೆಟ್ಟಿದ್ದರಿಂದ ತಾಯಿ, ಮಗಳು ಬಿಡಿಭಾಗ ತಂದು ಬೆಳಗಿನಿಂದ ಹೊಸದನ್ನು ಜೋಡಿಸಿದ್ದರು. ಮರುದಿನ ಒಬ್ಬ ಬಸ್ ಕಂಡಕ್ಟರನ ಬುದ್ಧಿಹಲ್ಲು ಕೀಳಬೇಕಿತ್ತು. ಹಲ್ಲಿನ ಬೇರಿಗೂ ಕೆಳತುಟಿಯ ನರಕ್ಕೂ ನಡುವಿನ ಜಾಗ ಒಂದೂವರೆ ಮಿಲಿಮೀಟರ್ ಎಂದು ಸ್ಕ್ಯಾನಿನ ವರದಿ ಹೇಳಿತ್ತು. ಉಪಕರಣ ಜಾರಿ ನರಕ್ಕೆ ಏಟು ಬಿದ್ದರೆ ಆ ಮನುಷ್ಯನ ತುಟಿ ಮರಗಟ್ಟುತ್ತದೆ, ಬಹುಶಃ ಸಾಯುವವರೆಗೆ. ಆ ಸ್ಕ್ಯಾನನ್ನು ತೆರೆದು ನೋಡುವುದಕ್ಕೇ ಈ ಯಂತ್ರ.

ಗುಬ್ಬಿ ಮಾನಿಟರಿನ ಕೇಬಲ್ ಬದಲಿಸಿದಳು. ರ್ಯಾಮ್ ತೆಗೆದು, ಒರೆಸಿ, ಬೇರೆ ಸಂದಿಯಲ್ಲಿ ಕೂರಿಸಿದಳು. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ತೆಗೆದು ಮತ್ತೆ ಹಾಕಿದಳು. ಪರದೆ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಅಂಗಡಿಯವನಿಗೆ ಫೋನ್ ಮಾಡಿದಳು.

"ಮೇಡಂ, ಪ್ಲಗ್ ಹಾಕಿದೀರಾ?"

"ಇಲ್ಲಾ ಸ್ವಾಮಿ, ನಮ್ಮ ನಿಟ್ಟುಸಿರಿಗೇ ಫ್ಯಾನು ತಿರುಗ್ತಿದೆ!"

ಅವನು ನಕ್ಕ. "ಬೋರ್ಡ್ ಮೇಲೆ ಕೆಂಪು ದೀಪ ಇದೆಯಾ? ಪಕ್ಕದಲ್ಲಿ ಏನು ಬರ್ದಿದೆ?"

"ಸಿಪಿಯು ಅಂತ."

"ಅಂದ್ರೆ ಪ್ರೊಸೆಸರ್. ಅದನ್ನ ಕೂರ್ಸೋದ್ರಲ್ಲೇ ಏನೋ ಎಡವಟ್ಟಾಗಿದೆ."

ಗುಬ್ಬಿ ಫೋನ್ ಇಟ್ಟು ಮೂಗು ಮುರಿದಳು. "ಅವನಿಗೇನು ಗೊತ್ತು! ಪ್ರೊಸೆಸರ್ ಕೂರ್ಸಿದ್ದು ನೀನು. ದಿನಾ ಹಲ್ಲಿಗೆ ಕ್ಯಾಪ್ ಕೂರ್ಸೋ ಕೈ. ನಾನೇ ಏನೋ ಎಡವಟ್ಟು ಮಾಡಿದೀನಮ್ಮ, ಎಲ್ಲಾ ಬಿಚ್ಚಿ ಮತ್ತೆ ಜೋಡಿಸ್ತೀನಿ."

ಡಾಕ್ಟರಮ್ಮ ಬೋರ್ಡಿನತ್ತ ನೋಡಿದರು. ಬೆಳಿಗ್ಗೆ ಪ್ರೊಸೆಸರ್ ಇಳಿಸುವಾಗ ಅದರ ಒಂದು ಮೂಲೆ ಬೆರಳಿಂದ ಜಾರಿ, ಅದು ಕೂರುವ ಸೂಕ್ಷ್ಮ ಪಿನ್ನುಗಳ ಸಾಕೆಟ್ಟಿಗೆ ತಾಗಿತ್ತು. ಎತ್ತಿ ಸರಿಯಾಗಿ ಕೂರಿಸಿ, ಮೇಲಿನ ಮುಚ್ಚಳ ಒತ್ತಿಬಿಟ್ಟಿದ್ದರು. ಗುಬ್ಬಿ ಆಗ ಸ್ಕ್ರೂ ಹುಡುಕುತ್ತಿದ್ದಳು. ಕೈ ಹೀಗೆ ಮಾತು ಕೇಳದಿರುವುದು ಕೆಲವು ತಿಂಗಳಿಂದ ನಡೆದಿತ್ತು. ನಿದ್ದೆ ಸಾಲದು, ವಯಸ್ಸಾಯಿತು ಎಂದು ತಮಗೆ ತಾವೇ ಸಬೂಬು ಹೇಳಿಕೊಂಡಿದ್ದರು.

ಮಗಳು ತಪ್ಪೇ ಮಾಡದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದ್ದಳು. ಅವಳ ಕಣ್ಣು ತುಂಬಿತ್ತು.

"ಅದನ್ನ ಬಿಡು," ಎಂದರು ಡಾಕ್ಟರಮ್ಮ. "ಪ್ರೊಸೆಸರ್ ತೆಗಿ."

"ಬೇಡಮ್ಮ, ಅದು ಸರಿ ಇದೆ."

"ಇಲ್ಲ ಗುಬ್ಬಿ. ಕೈ ಜಾರಿತ್ತು."

ಪ್ರೊಸೆಸರ್ ಮೇಲೆ ಬಂತು. ಡಾಕ್ಟರಮ್ಮ ಕ್ಲಿನಿಕ್ಕಿನ ಭೂತಗನ್ನಡಿಯ ಕನ್ನಡಕ ಹಾಕಿಕೊಂಡು ಬಗ್ಗಿದರು. ಭತ್ತದ ಸಸಿಗಳಂತೆ ಸಾಲಾಗಿ ನಿಂತ ಹೊಂಬಣ್ಣದ ಪಿನ್ನುಗಳ ನಡುವೆ ಮೂರು ಮಾತ್ರ ಪಕ್ಕಕ್ಕೆ ಮಲಗಿದ್ದವು.

"ಅಷ್ಟೇನಾ? ನೆಟ್ಟಗೆ ಮಾಡ್ಬಹುದಂತೆ, ಸೂಜಿಯಿಂದ. ನೀನೇ ಮಾಡಮ್ಮ," ಎಂದಳು ಗುಬ್ಬಿ, ಮುಖ ಅರಳಿಸಿ.

ಡಾಕ್ಟರಮ್ಮ ಹಲ್ಲು ಪರೀಕ್ಷಿಸುವ ಮೊನಚು ಕಡ್ಡಿ ಹಿಡಿದರು. ರೋಗಿಯ ದವಡೆಗೆ ಊರುವಂತೆಯೇ ಉಂಗುರಬೆರಳನ್ನು ಬೋರ್ಡಿನ ಅಂಚಿಗೆ ಊರಿದರು. ಮೊನೆ ಪಿನ್ನಿನ ಮೇಲೆ ನಿಲ್ಲಲಿಲ್ಲ. ಉಸಿರು ಹಿಡಿದರು, ಮೊಣಕೈಯನ್ನು ಮೇಜಿಗೆ ಒತ್ತಿದರು, ಎಡಗೈಯಿಂದ ಬಲಗೈಯ ಮಣಿಕಟ್ಟು ಅದುಮಿದರು. ಆದರೂ ಮೊನೆ ಅತ್ತ ಇತ್ತ ಆಡುತ್ತಲೇ ಇತ್ತು.

ಅರಳಿದ್ದ ಗುಬ್ಬಿಯ ಮುಖ ಬಾಡಿತು. "ಬೆಳಗಿಂದ ನಿಂತೇ ಇದೀಯಲ್ಲಾ, ಸುಸ್ತು ಅಷ್ಟೇ," ಎಂದಳು. ಆ ದನಿಯಲ್ಲಿ ಅವಳಿಗೇ ನಂಬಿಕೆಯಿರಲಿಲ್ಲ.

"ಸ್ಟೀಲ್ ಸ್ಕೇಲ್ ತಗೊಂಡ್ಬಾ. ಕಡ್ಡಿ ಮೊನೆ ಕೆಳಗೆ ಹಿಡಿ."

"ಯಾಕಮ್ಮ, ಬೇಡ."

"ನಾಳೆ ಆ ಕಂಡಕ್ಟರಿಗೆ ನಾನು ಏನೋ ಒಂದು ಹೇಳ್ಬೇಕಲ್ಲ. ಹಿಡಿ."

ಗುಬ್ಬಿ ಸ್ಕೇಲ್ ಹಿಡಿದಳು. ಡಾಕ್ಟರಮ್ಮ ಉಂಗುರಬೆರಳು ಊರಿ, ಕೈಲಾದಷ್ಟು ಗಟ್ಟಿಯಾಗಿ ಕಡ್ಡಿ ಹಿಡಿದರು.

"ಓದು."

ಮೊನೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಲಾಡಿದ ಗೆರೆಗಳನ್ನು ಗುಬ್ಬಿ ಎಣಿಸಿದಳು.

"ಎರಡೂವರೆ ಮಿಲಿಮೀಟರ್."