ಅತ್ತೆ-ಸೊಸೆ ಕೂಡಿ ಓಣಿ ದಾಟಿದರು

ಸವದತ್ತಿ ಹತ್ತಿರದ ಹೂಲಿ ಊರಿನ ಸುಂದರವ್ವನಿಗೆ ಸೊಸೆಯೆಂದರೆ ಎಲ್ಲಿಲ್ಲದ ಹೆಮ್ಮೆ. ನಳದ ಹತ್ತಿರ ನಾಲ್ಕು ಹೆಂಗಸರು ಕೂಡಿದರೆ ಸಾಕು, ಮಾತು ಎಲ್ಲಿಂದ ಶುರುವಾದರೂ ಅದನ್ನು ಎಳೆದು ತಂದು ಸೊಸೆಯ ಹತ್ತಿರವೇ ನಿಲ್ಲಿಸುತ್ತಿದ್ದಳು.

"ನಮ್ಮ ನಾಗರತ್ನಾ ಮನಿ ಬಿಟ್ಟು ಹೊರಗ ಬರೂದಿಲ್ಲ ನೋಡ್ರಿ. ಸಂತಿ ಬ್ಯಾಡ, ಸಿನೇಮಾ ಬ್ಯಾಡ, ತವರಮನಿ ಸೈತ ಬ್ಯಾಡ. ಇಂಥಾ ಸೊಸಿ ಸಿಗಾಕ ಪುಣ್ಯಾ ಮಾಡಿರಬೇಕು."

"ಪುಣ್ಯಾ ನಿಮ್ಮದ ಬಿಡ್ರಿ," ಎನ್ನುತ್ತಿದ್ದಳು ಪಕ್ಕದ ಮನೆಯ ಕೃಷ್ಣವ್ವ. "ನಮ್ಮಾಕಿ ವಾರಾ ಆತಂದ್ರ ಸವದತ್ತಿ ಅಂತ ಕುಣೀತಾಳ."

ಇದು 2003ರ ಮಾತು. ನಾಗರತ್ನಾ ರಾಮದುರ್ಗ ತಾಲ್ಲೂಕಿನ ತೊರಗಲ್ಲಿನ ಮಗಳು. ಕೆಲವು ವರ್ಷಗಳ ಹಿಂದೆ ತವರಿಂದ ಬರುವಾಗ, ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ ಅವಳ ಎದೆ ಒಮ್ಮೆಲೇ ಹೊಡೆದುಕೊಳ್ಳತೊಡಗಿತ್ತು. ಉಸಿರು ಸಿಗಲಿಲ್ಲ, ಕೈಕಾಲು ಜುಮ್ಮೆಂದವು, ಸತ್ತೇ ಹೋದೆ ಅನ್ನಿಸಿತು. ಬಸ್ಸು ನಿಲ್ಲಿಸಿ ಇಳಿಸಿದರು. ಡಾಕ್ಟರು ಎದೆ ಪರೀಕ್ಷೆ ಮಾಡಿ, ಏನೂ ಇಲ್ಲ ಎಂದರು. ಆದರೆ ಅವಳು ಅಂದೇ ಬಸ್ಸು ಬಿಟ್ಟಳು. ಆಮೇಲೆ ಸಂತೆ ಬಿಟ್ಟಳು, ಗುಡಿ ಬಿಟ್ಟಳು, ಕೊನೆಗೆ ಓಣಿಯನ್ನೂ ಬಿಟ್ಟಳು. ಕೇಳಿದರೆ ತಲೆನೋವು ಎನ್ನುವಳು, ಇಲ್ಲವೇ ರೊಟ್ಟಿ ಬಡಿಯುವುದಿದೆ ಎನ್ನುವಳು. ಗಂಡ ಸುಭಾಸನೇ ಕಾಯಿಪಲ್ಲೆ ತರುತ್ತಿದ್ದ. ಮಗಳು ಮಧುವನ್ನು ಸುಂದರವ್ವನೇ ಶಾಲೆಗೆ ಬಿಟ್ಟು ಬರುತ್ತಿದ್ದಳು. ಸೊಸೆ ಮರ್ಯಾದಸ್ಥೆ ಎಂದು ಮನೆಮಂದಿಯೆಲ್ಲ ಸುಮ್ಮನಿದ್ದರು.

ಜೋಳದ ಸುಗ್ಗಿಯ ಒಂದು ಬೆಳಿಗ್ಗೆ ಓಣಿಯ ಮಂದಿಯೆಲ್ಲ ಹೊಲಕ್ಕೆ ಹೋಗಿದ್ದರು. ನೀರಿಗೆ ಬಂದ ಸುಂದರವ್ವ ನಳದ ಪಾಚಿಯ ಮೇಲೆ ಜಾರಿ ಬಿದ್ದಳು. ಕೊಡ ಒಂದು ಕಡೆ, ಕಾಲು ಒಂದು ಕಡೆ. ಮನೆಯ ಬಾಗಿಲು ಕಣ್ಣೆದುರಿಗೇ ಇತ್ತು.

"ನಾಗರತ್ನಾ! ಬಾರವ್ವಾ, ಎಬ್ಬಸ ನನ್ನ!"

ಸೊಸೆ ಓಡಿ ಬಂದಳು. ಬಾಗಿಲಿಗೆ ಬಂದವಳು ಗಕ್ಕನೆ ನಿಂತಳು. ಒಂದು ಕಾಲು ಕಟ್ಟೆಗೆ ಇಟ್ಟು ಮತ್ತೆ ಹಿಂದಕ್ಕೆ ಎಳೆದುಕೊಂಡಳು. "ಬಂದೇರಿ ಅತ್ಯಾರ… ಬಂದೇರಿ…" ಎನ್ನುತ್ತಾಳೆ, ಬರುತ್ತಿಲ್ಲ. ಸುಂದರವ್ವನಿಗೆ ಸಿಟ್ಟು ನೆತ್ತಿಗೇರಿತು. ಬೈಯಬೇಕೆಂದು ತಲೆ ಎತ್ತಿದಳು. ಆಗ ಸೊಸೆಯ ಮುಖ ಕಂಡಿತು. ಬೆವರು ಧಾರೆಯಾಗಿ ಇಳಿಯುತ್ತಿತ್ತು, ತುಟಿ ಬಿಳುಪೇರಿತ್ತು, ಎರಡೂ ಕೈಯಿಂದ ಬಾಗಿಲ ಚೌಕಟ್ಟನ್ನು ಅಪ್ಪಿ ಹಿಡಿದಿದ್ದಳು. ಇದು ಸೊಕ್ಕಲ್ಲ, ಮೈಗಳ್ಳತನವಲ್ಲ. ಇಷ್ಟು ದಿನ ತಾನು ಮರ್ಯಾದೆ ಎಂದು ಹೊಗಳಿದ್ದು ಇದನ್ನೇ ಏನು?

ಬರಲಾಗದ ನಾಗರತ್ನಾ ನಿಂತಲ್ಲಿಂದಲೇ ಕೂಗಿದಳು. ಕೂಗೆಂದರೆ ಎಂಥ ಕೂಗು! ಆಚೆ ಓಣಿಯಲ್ಲಿ ಮಕ್ಕಳಿಗೆ ಸೂಜಿ ಹಾಕುತ್ತಿದ್ದ ನರ್ಸಬಾಯಿ ಭಾಗೀರಥಿ ಚೀಲ ಹೆಗಲಿಗೇರಿಸಿಕೊಂಡು ಓಡಿ ಬಂದಳು. ಸುಂದರವ್ವನನ್ನು ಎಬ್ಬಿಸಿ, ಒಳಗೆ ತಂದು ಕೂಡಿಸಿ, ಉಳುಕಿದ ಕಾಲಿಗೆ ಪಟ್ಟಿ ಕಟ್ಟಿದಳು. ಮೂಲೆಯಲ್ಲಿ ನಾಗರತ್ನಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ನನ್ನ ಕಾಲ ಹಾಳಾಗಿ ಹೋಗ್ಲಿ ಬಾಯಾರ," ಎಂದಳು ಸುಂದರವ್ವ. "ಮೊದಲ ಇಕಿನ್ನ ನೋಡ್ರಿ. ಗಾಳಿ ಗೀಳಿ ಬಡದೈತೇನು? ಅಂತ್ರಾ ಕಟ್ಟಸ್ಲೇನು?"

ಭಾಗೀರಥಿ ನಾಗರತ್ನಾಳ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದಳು. "ಹೊರಗ ಕಾಲಿಟ್ಟರ ಏನಾಗತೈತಿ ತಂಗಿ?"

"ಎದಿ ಡಬಡಬ ಅಂತೈತ್ರಿ. ಎಲ್ಲೆರ ಬಿದ್ದು ಸತ್ತರ, ಯಾರೂ ಬರಲಿಲ್ಲಂದ್ರ ಅಂತ ಅಂಜಿಕಿ. ನನಗ ಹುಚ್ಚ ಹಿಡದೈತಿ ಅಂತಾರಂತ ಯಾರ ಮುಂದೂ ಹೇಳಲಿಲ್ರಿ."

"ಹುಚ್ಚಲ್ಲವ್ವಾ, ಗಾಳೀನೂ ಅಲ್ಲ. ಹೊರಗ ಹೋಗೂ ಅಂಜಿಕೀನ ಒಂದು ಬ್ಯಾನಿ ಆಗಿ ಕುಂದರತೈತಿ. ಅಗೋರಾಫೋಬಿಯಾ ಅಂತಾರ ಡಾಕ್ಟರು. ಇದಕ್ಕ ಔಷಧ ಐತಿ, ಆರಾಮ ಆಗತೈತಿ. ಸವದತ್ತಿ ಸರಕಾರಿ ದವಾಖಾನಿಗೆ ತಿಂಗಳಿಗೊಮ್ಮೆ ಧಾರವಾಡದಿಂದ ಮನಸಿನ ಡಾಕ್ಟರು ಬರತಾರ."

ಅಷ್ಟರಲ್ಲಿ ಹೊಲದಿಂದ ಬಂದ ಸುಭಾಸ ಈ ಮಾತು ಕೇಳಿ ಬಾಗಿಲಲ್ಲೇ ನಿಂತ. "ಧಾರವಾಡದ ಡಾಕ್ಟರ? ಊರ ಮಂದಿ ಏನಂದಾರ್ರಿ ಬಾಯಾರ? ಅದೂ ಅಲ್ಲದ, ಕಟ್ಟಿ ಇಳ್ಯಾಕ ಆಗದಾಕಿ ಸವದತ್ತಿಗೆ ಹೆಂಗ ಹೋಗ್ಯಾಳು?"

"ಮಂದಿ ಬಂದು ನನ್ನ ಎಬ್ಬಿಸಿದ್ರೇನು?" ಎಂದು ಗುಡುಗಿದಳು ಸುಂದರವ್ವ. "ಬಾಯಾರ, ನೀವು ದಾರಿ ಹೇಳ್ರಿ!"

"ದವಾಖಾನಿಗೆ ಆಕಿ ಹೋಗಾಕ ಆಗದಿದ್ದರ ಆಕಿ ಮಾತಾದ್ರೂ ಹೋಗತೈತಲ್ಲ?" ಎಂದು ನಕ್ಕಳು ಭಾಗೀರಥಿ. "ನಿಮ್ಮ ಮನ್ಯಾಗ ಫೋನ್ ಐತಿ. ಡಾಕ್ಟರು ಬರೂ ದಿನಾ ನಾನ ಹಚ್ಚಿ ಕೊಡತೇನಿ."

ಹಾಗೆಯೇ ಆಯಿತು. ನಾಗರತ್ನಾ ಫೋನು ಹಿಡಿದು ಮೊದಲು ಬರೀ ಅತ್ತಳು. ಡಾಕ್ಟರು ಕಾದರು. ಆಮೇಲೆ ಅವಳು ಎಲ್ಲ ಹೇಳಿದಳು. ಅವರು ಹೇಳಿದ್ದು ಇಷ್ಟು: ಅಂಜಿಕೆ ಬಂದಾಗ ಓಡಿ ಒಳಗೆ ಹೋಗಬೇಡ, ಉದ್ದ ಉಸಿರು ಬಿಡುತ್ತ ನಿಲ್ಲು, ಅದು ಏರಿದ ಹಾಗೆಯೇ ಇಳಿಯುತ್ತದೆ. ಇಂದು ಕಟ್ಟೆ, ಅದು ರೂಢಿಯಾದ ಮೇಲೆ ನಳ, ಆಮೇಲೆ ಓಣಿಯ ತುದಿ. ಮನೆಯವರು ಅವಸರ ಮಾಡಬಾರದು, ನಗಬಾರದು, ಜೊತೆಗಿರಬೇಕು.

ಜೊತೆಗಿರಲು ಸುಂದರವ್ವ ಟೊಂಕ ಕಟ್ಟಿದಳು. ಅವಳೂ ಉಳುಕಿದ ಕಾಲಿಗೆ ನಡಿಗೆ ರೂಢಿ ಮಾಡಬೇಕಿತ್ತಲ್ಲ! ಕೈಯಲ್ಲಿ ಬಡಿಗೆ ಹಿಡಿದ ಅತ್ತೆ, ಅತ್ತೆಯ ತೋಳು ಹಿಡಿದ ಸೊಸೆ. ಒಬ್ಬಳಿಗೆ ಕಾಲು ನೋವು, ಇನ್ನೊಬ್ಬಳಿಗೆ ಎದೆ ನಡುಕ. ಕೆಲವು ದಿನ ಕಟ್ಟೆಗೇ ಮುಗಿಯಿತು. ಒಂದು ದಿನ ನಳ ಮುಟ್ಟಿ ಬಂದರು. ಮರುದಿನ ಮತ್ತೆ ಕಟ್ಟೆ ಇಳಿಯಲೂ ಆಗದೆ ನಾಗರತ್ನಾ ಅತ್ತಳು.

"ನನ್ನ ಕಾಲೂ ಇವತ್ತ ಭಾಳ ನೋಯಾಕತ್ತೇತಿ," ಎಂದಳು ಸುಂದರವ್ವ. "ನಾಳೆ ನೋಡೂಣು. ಚಾ ಮಾಡು, ಇಬ್ಬರೂ ಕುಡಿಯೂಣು."

ವಾರ ವಾರ ಭಾಗೀರಥಿ ಬಂದು ವಿಚಾರಿಸಿದಳು. ಒಂದು ಸಂಜೆ ಇಬ್ಬರೂ ಓಣಿ ದಾಟಿ ಶಾಲೆಯ ಮುಂದೆ ನಿಂತಿದ್ದರು! ಶಾಲೆ ಬಿಟ್ಟು ಬಂದ ಮಧು ಅವ್ವನನ್ನು ಕಂಡು ಪಾಟಿಚೀಲ ಬಿಸಾಕಿ ಓಡಿ ಬಂದಳು. ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದ ಕೃಷ್ಣವ್ವ ಎದ್ದು "ಏ, ನಾಗರತ್ನಾ ಬಂದಾಳ ಬರ್ರೇ!" ಎಂದು ಓಣಿ ಕೂಡಿಸಲು ಹೊರಟಾಗ, ಸುಂದರವ್ವ ಬಡಿಗೆ ಎತ್ತಿ ಸನ್ನೆ ಮಾಡಿದಳು: ಗದ್ದಲ ಬೇಡ.

ಮುಂದಿನ ತಿಂಗಳು ಸುಭಾಸನೂ ಸೇರಿ ಮೂವರೂ ಟಂಟಂ ರಿಕ್ಷಾ ಮಾಡಿಕೊಂಡು ಸವದತ್ತಿಗೆ ಹೊರಟರು. ಆಸ್ಪತ್ರೆಯ ಮುಂದಿನ ಗದ್ದಲ ನೋಡಿ ನಾಗರತ್ನಾ ಗಾಡಿಯಲ್ಲೇ ಗಟ್ಟಿಯಾಗಿ ಕುಳಿತುಬಿಟ್ಟಳು. ಹೀಗಾಗಬಹುದೆಂದು ಭಾಗೀರಥಿ ಡಾಕ್ಟರಿಗೆ ಮೊದಲೇ ತಿಳಿಸಿದ್ದಳು. ಡಾಕ್ಟರೇ ಹೊರಗೆ ಬಂದು, ಬೇವಿನ ನೆರಳಲ್ಲಿ ನಿಂತ ಟಂಟಂ ಏರಿ ಅವಳ ಎದುರಿಗೆ ಕುಳಿತು ಮಾತಾಡಿದರು! ಗುಳಿಗೆ ಬರೆದುಕೊಟ್ಟರು. ಗುಣ ಕಾಣಲು ಕೆಲವು ವಾರ ಬೇಕು, ಆರಾಮಾಯಿತೆಂದು ನೀವಾಗಿಯೇ ಬಿಡಬೇಡಿ ಎಂದರು. ಸುಭಾಸನಿಗೆ ಹೇಳಿದರು, "ನಿಮ್ಮ ಹೆಂಡತಿಗೆ ಧೈರ್ಯ ಭಾಳ ಇದೆ. ಇಲ್ಲೀವರೆಗೆ ಬಂದಿದ್ದಾರೆ." ಅಂದಿನಿಂದ ಗುಳಿಗೆಯ ಹೊತ್ತಿಗೆ ನೀರಿನ ತಂಬಿಗೆ ಹಿಡಿದು ನಿಲ್ಲುವವನು ಅವನೇ ಆದ.

ಮತ್ತಷ್ಟು ತಿಂಗಳು ಕಳೆದವು. ಒಂದು ಮುಂಜಾನೆ ನಾಗರತ್ನಾ ತಾನಾಗಿಯೇ ಕೇಳಿದಳು. "ಅತ್ಯಾರ, ತೊರಗಲ್ಲಿಗೆ ಹೋಗೂಣೇನ್ರಿ? ಬಸ್ಸಿನಾಗ?"

ಸುಂದರವ್ವ ಆಗಲೇ ಸೀರೆ ಬದಲಿಸಲು ಎದ್ದಿದ್ದಳು!

ಅರ್ಧ ದಾರಿಯಲ್ಲಿ ಬಸ್ಸು ತುಂಬಿತು. ಅತ್ತೆಯ ತೋಳಿನ ಮೇಲೆ ನಾಗರತ್ನಾಳ ಹಿಡಿತ ಬಿಗಿಯಾಯಿತು. "ಬಂತ್ರಿ ಅತ್ಯಾರ."

"ಬರ್ಲಿ. ಇಳಿಯೂಣೇನು?"

"ಬ್ಯಾಡ್ರಿ." ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟಳು. ಮತ್ತೆ ಬಿಟ್ಟಳು. ಅಂಜಿಕೆ ಏರಿತು, ನಿಂತಿತು, ಇಳಿಯಿತು. ಅವಳು ಕಣ್ಣು ತೆರೆದಾಗ ಕಿಡಕಿಯಾಚೆ ತೊರಗಲ್ಲಿನ ಕೋಟೆ ಕಾಣುತ್ತಿತ್ತು. "ಅತ್ಯಾರ, ನೋಡ್ರಿ! ನಮ್ಮೂರು ನೋಡ್ರಿ!" ಎಂದು ಅವಳು ಕೂಗಿದ ಕೂಗಿಗೆ ಇಡೀ ಬಸ್ಸೇ ತಿರುಗಿ ನೋಡಿತು. ತವರಿನ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ತಾಯಿ ರಾಚವ್ವ, ಖಾರದ ಕೈ ಅನ್ನುವುದನ್ನೂ ಮರೆತು ಮಗಳ ಮುಖ ಹಿಡಿದಳು. ಉರಿಗೋ, ಸಂತೋಷಕ್ಕೋ, ಮೂವರ ಕಣ್ಣಲ್ಲೂ ನೀರು, ಮೂವರೂ ನಗುತ್ತಿದ್ದರು.

ಓದುತ್ತಿರುವ, ಕೇಳುತ್ತಿರುವ ಅಕ್ಕ-ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೊರಗೆ ಬಾರದೆ ಉಳಿದವರು ಇರಬಹುದು. ಹೆಂಗಸಾದರೆ ಹೊಗಳುತ್ತೇವೆ, ಗಂಡಸಾದರೆ ಅಣಕಿಸುತ್ತೇವೆ. ಎರಡೂ ಬೇಡ. ಪಕ್ಕದಲ್ಲಿ ಕುಳಿತು ಕೇಳಿ: ನಿನಗೆ ಹೊರಗೆ ಹೋಗಲು ಮನಸ್ಸಿಲ್ಲವೋ, ಆಗುತ್ತಿಲ್ಲವೋ? ಆಗುತ್ತಿಲ್ಲ ಎಂದರೆ ನಿಮ್ಮೂರಿನ ನರ್ಸಬಾಯಿಗೆ ತಿಳಿಸಿ, ಮನಸ್ಸಿನ ಡಾಕ್ಟರು ಹತ್ತಿರದಲ್ಲಿ ಎಲ್ಲಿ, ಯಾವ ದಿನ ಸಿಗುತ್ತಾರೆ ವಿಚಾರಿಸಿ. ರೋಗಿಗೆ ಬರಲಾಗದಿದ್ದರೆ ಮೊದಲು ನೀವೇ ಹೋಗಿ ಮಾತಾಡಿ, ಇಲ್ಲವೇ ಫೋನು ಮಾಡಿ. ನಾಚಿಕೆ ಬೇಡ, ತಡ ಬೇಡ. ಆ ಮಾತನ್ನು ಇಂದೇ ಕೇಳಿ.